ಕಾಗದ ನೆಕ್ಕಿ ನೋಡುತ್ತಿದ್ದ ಅಪ್ಪ

ದಾಂಡೇಲಿಯ ಮಿಲ್ ಕ್ವಾರ್ಟರ್ಸಿನಲ್ಲಿ ನಮ್ಮದು ಸಾಲಿನ ಕಡೆಯ ಮನೆ. ಎರಡು ಖೋಲಿ, ಒಂದು ಅಡಿಗೆಮನೆ, ಹಿಂದೆ ಬಚ್ಚಲು, ಅದರಾಚೆ ಒಂದು ಹಗ್ಗ ಕಟ್ಟುವಷ್ಟು ಹಿತ್ತಲು. ಊರಿಗೆ ಹೊಸದಾಗಿ ಬಂದವರು ಮೂಗು ಮುಚ್ಚಿಕೊಳ್ಳುತ್ತಿದ್ದ ಮಿಲ್ಲಿನ ವಾಸನೆ ನಮ್ಮ ಪಾಲಿಗೆ ಇರಲೇ ಇಲ್ಲ. ಧಾರವಾಡದ ಕಡೆಯ ಅಜ್ಜಿಯ ಊರಿಗೆ ಹೋಗಿ ವಾಪಸು ಬರುವಾಗ ಮಾತ್ರ, ಬಸ್ಸು ಹಳಿಯಾಳ ದಾಟಿ ಕಾಡಿಗಿಳಿಯುತ್ತಿದ್ದಂತೆ ಅದು ಮೂಗಿಗೆ ಬಡಿಯುತ್ತಿತ್ತು. ಮನೆ ಬಂತು ಎಂದು ನನಗೆ ಜೀವ ಬರುತ್ತಿತ್ತು. ಮನೆಯಲ್ಲಿ ಎಲ್ಲಿ ಕೈಯಿಟ್ಟರೂ ಕಾಗದ. ಕಪಾಟಿನ ಹಲಗೆಗಳ ಮೇಲೆ ಕಾಗದ, ಹಿಟ್ಟಿನ ಡಬ್ಬಿಯ ತಳಕ್ಕೆ ಕಾಗದ, ದೇವರ ಮಾಡದ ಗೋಡೆಗೆ ಕಾಗದ, ಸೋರುವ ಕಿಟಕಿಯ ಸಂದಿಗೆ ಮಡಚಿ ತುರುಕಿದ ಕಾಗದ. ಯಂತ್ರದಲ್ಲಿ ಅಂಚು ಹರಿದು ಬೇಡವಾದದ್ದನ್ನು ಕೆಲಸದವರು ಮನೆಗೆ ತರುವುದಿತ್ತು. ಬೇರೆ ಊರಿನ ಮಕ್ಕಳು ಸ್ಲೇಟಿನ ಮೇಲೆ ಬರೆದು ಅಳಿಸುತ್ತಿದ್ದಾಗ ನಾನು ಒಂದೊಂದು ಅಕ್ಷರಕ್ಕೆ ಒಂದೊಂದು ಹಾಳೆ ದಂಡ ಮಾಡುತ್ತಿದ್ದೆ. ನನ್ನ ಶ್ರೀಮಂತಿಕೆ ಅಷ್ಟೇ.

ಅಪ್ಪನಿಗೆ ಮಿಲ್ಲಿನಲ್ಲಿ ತಯಾರಾದ ಕಾಗದವನ್ನು ನೋಡಿ ಆರಿಸುವ ಕೆಲಸ. ಆ ವಿಭಾಗದ ಹಳೆಯ ಆಳು. ಹಾಳೆಯ ಒಂದು ಮೂಲೆ ಹಿಡಿದು ಕಿವಿಯ ಹತ್ತಿರ ತಂದು ಝಾಡಿಸುತ್ತಿದ್ದ. ಸಪ್ಪಳ ಖಣಖಣ ಬರಬೇಕು. ಬೆಳಕಿಗೆ ಹಿಡಿದು ಒಳಗೆ ಮೋಡ ಮೋಡವಾಗಿದೆಯೇ ಎಂದು ನೋಡುತ್ತಿದ್ದ. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹರಿಯುತ್ತಿದ್ದ. ಕಡೆಗೆ ಒಂದು ಮೂಲೆಯನ್ನು ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದ. ಅಂಟು ಸರಿಯಾಗಿ ಕೂಡದ ಕಾಗದ ಎಂಜಲನ್ನು ಹೀರಿ ನಾಲಿಗೆಗೆ ಅಂಟಿಕೊಳ್ಳುತ್ತದಂತೆ, ಒಳ್ಳೆಯದು ಅಂಟುವುದಿಲ್ಲ. ಪ್ರಯೋಗಾಲಯದ ಹುಡುಗರ ಹತ್ತಿರ ಇದಕ್ಕೆಲ್ಲ ಯಂತ್ರಗಳಿದ್ದವು, ಅವು ಹೇಳುವುದನ್ನು ಅಪ್ಪನೂ ಒಪ್ಪುತ್ತಿದ್ದ. ಆದರೆ ನಾಲಿಗೆ ಬಿಡಬೇಕಲ್ಲ! ಮನೆಗೆ ಬಂದ ಲಗ್ನಪತ್ರಿಕೆಯನ್ನೂ ನೆಕ್ಕುತ್ತಿದ್ದ. ಯಾರ ಮದುವೆ, ಎಲ್ಲಿ, ಯಾವಾಗ ಎಂಬುದೆಲ್ಲ ಆಮೇಲೆ. ಒಮ್ಮೆ ಸ್ವಂತ ಅಕ್ಕನ ಮಗನ ಲಗ್ನಪತ್ರಿಕೆ, ಹುಡುಗಿಯ ಮನೆಯವರು ಅಚ್ಚು ಹಾಕಿಸಿದ್ದು, ಬಂದಾಗ ಅಪ್ಪ ಅದನ್ನು ಅವ್ವನ ಕೈಗೆ ಕೊಡುತ್ತ ಬೇಸರದಿಂದ ಹೇಳಿದ್ದು ನೆನಪಿದೆ:

"ಹುಡುಗಿ ಕಡೆಯವರು ಕಂಜೂಸ್ ಅದಾರ. ಕಾಗದ ನಾಲಿಗಿಗೆ ಹತ್ತತೈತಿ."

ಆ ಮದುವೆ ಆರು ತಿಂಗಳು ಬಾಳಲಿಲ್ಲ. ಅದಕ್ಕೂ ಕಾಗದಕ್ಕೂ ಏನೂ ಸಂಬಂಧವಿಲ್ಲ ಎಂದು ಈಗ ನಾನು ಯಾರಿಗೆ ಬೇಕಾದರೂ ಹೇಳಬಲ್ಲೆ. ಆದರೆ ಅಪ್ಪನ ಹೆಸರು ಕಾಲನಿಯಲ್ಲಿ ಎದ್ದದ್ದು ಆವಾಗಿನಿಂದಲೇ.

ಮನೆಗೆ ನಾನೊಬ್ಬಳೇ. ಅಪ್ಪನದು ಪಾಳಿಯ ಕೆಲಸ. ಹಗಲು ಮಲಗಿದ್ದರೆ ಮನೆಯಲ್ಲಿ ಪಾತ್ರೆ ಸಪ್ಪಳವಾಗಬಾರದು, ಆಡುವ ಮಾತು ದೂರ. ಅವ್ವ ಮೊದಲೇ ಮಿತಭಾಷಿ. ಹಾಗಾಗಿ ನನ್ನ ಮಾತಿನ ಮನೆ ಪಕ್ಕದ್ದಾಗಿತ್ತು. ಅಲ್ಲಿ ಬಸು ಕಾಕಾ, ಕಸ್ತೂರಿ ಕಾಕು, ನನ್ನ ಓರಗೆಯ ರೇಖಾ. ನೆತ್ತರಿನ ಸಂಬಂಧವಲ್ಲ. ಬಸು ಕಾಕಾ ಅಪ್ಪನ ಕೈಕೆಳಗೆ ಕೆಲಸ ಕಲಿತವನು, ಅಪ್ಪನಿಗಿಂತ ಸಾಕಷ್ಟು ಚಿಕ್ಕವನು, ಅಣ್ಣಾ ಎಂದು ಬಾಯಿತುಂಬ ಕರೆಯುತ್ತಿದ್ದ. ಎರಡೂ ಹಿತ್ತಲುಗಳ ನಡುವೆ ಮದರಂಗಿಯ ಬೇಲಿಯಿತ್ತು. ಅದರಲ್ಲಿ ಒಂದು ಕಂಡಿ ಬಿದ್ದು, ನಮ್ಮ ಓಡಾಟಕ್ಕೆ ನೆಲ ಸವೆದು ನುಣ್ಣಗಾಗಿತ್ತು. ಆ ಕಂಡಿಯಲ್ಲಿ ನಮಗಿಂತ ಹೆಚ್ಚು ಓಡಾಡಿದ್ದು ಬಟ್ಟಲುಗಳು. ಅಲ್ಲಿಂದ ಮಡಿಕೆಕಾಳಿನ ಪಲ್ಯ, ಇಲ್ಲಿಂದ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ. ನಮ್ಮ ಕಡೆ ಬಂದ ಬಟ್ಟಲನ್ನು ಬರಿದಾಗಿ ಮರಳಿಸುವುದಿಲ್ಲ. ಏನೂ ಇಲ್ಲವೆಂದರೆ ತೊಳೆದು ಒರೆಸಿ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಕಾಕು ಸಕ್ಕರೆ ಹಾಕಿದ್ದರೆ ಕಂಡಿ ದಾಟುವಷ್ಟರಲ್ಲಿ ನಾನೇ ಅದನ್ನು ನೆಕ್ಕಿ ಮುಗಿಸುತ್ತಿದ್ದೆ. ಅಪ್ಪನ ಮಗಳಲ್ಲವೇ.

ನಮ್ಮ ಕಾಲನಿಗೆ ಶೇರು ಬಂದದ್ದು ಹುಬ್ಬಳ್ಳಿ ಬಸ್ಸಿನಲ್ಲಿ, ಒಬ್ಬ ಏಜೆಂಟನ ಚರ್ಮದ ಚೀಲದೊಳಗೆ ಕೂತು. ಅದಕ್ಕಿಂತ ಮೊದಲು ಕಂಪನಿಗಳು ಜನರಿಗೆ ಯಾವ ಬೆಲೆಗೆ ಶೇರು ಮಾರಬೇಕು ಎಂಬುದನ್ನು ದಿಲ್ಲಿಯ ಒಂದು ಕಚೇರಿ ಗೊತ್ತುಮಾಡುತ್ತಿತ್ತು. ಸರಕಾರ ಆ ಕದವನ್ನು ತೆರೆಯಿತು. ಯಾರು ಬೇಕಾದರೂ ಬರಲಿ, ಕೇಳುವ ಬೆಲೆ ಕೇಳಲಿ, ಕೊಡುವವರು ಕೊಡಲಿ ಎಂದಿತು. ಅದರ ಹಿಂದೆ ತೂಕದ ವಿಚಾರಗಳಿದ್ದವು, ಈಗ ನಾನೇ ಅವನ್ನು ಹಳಿಯಾಳದ ಕಾಲೇಜಿನಲ್ಲಿ ಕಲಿಸಿ ಸಂಬಳ ಎಣಿಸುತ್ತೇನೆ: ಉಳಿತಾಯ ಡಬ್ಬಿಯಲ್ಲಿ ಕೊಳೆಯಬಾರದು, ಅದು ಕಾರ್ಖಾನೆಯಾಗಬೇಕು, ದುಡ್ಡಿದ್ದವನನ್ನೂ ಕೆಲಸ ಗೊತ್ತಿದ್ದವನನ್ನೂ ಮುಖಾಮುಖಿ ಮಾಡುವ ಸಂತೆಯೇ ಮಾರುಕಟ್ಟೆ. ಆದರೆ ಸಂತೆಗೆ ಹೋಗುವ ಹೆಂಗಸು ಬದನೆಕಾಯಿಯನ್ನು ಮೂಸಿ, ಹಿಚುಕಿ ನೋಡುತ್ತಾಳೆ. ಶೇರನ್ನು ಎಲ್ಲಿ ಹಿಚುಕುವುದು? ಏಜೆಂಟ್ ಕೊಡುವ ಪುಸ್ತಿಕೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿರುತ್ತಿತ್ತು. ಓದಿದವರಿಗೂ ತಿಳಿಯದ್ದು ನಮ್ಮವರಿಗೆ ಹೇಗೆ ತಿಳಿಯಬೇಕು? ಆದರೆ ನಮ್ಮವರಿಗೆ ಅದರಲ್ಲಿ ಒಂದು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು: ಅದನ್ನು ಯಾವುದರ ಮೇಲೆ ಅಚ್ಚು ಹಾಕಿದ್ದಾರೆ ಎಂಬುದು.

ಮೊದಲ ಸಲ ಅಪ್ಪನೂ ಬಸು ಕಾಕಾನೂ ಅರ್ಜಿ ಹಾಕಿದ್ದು ಒಂದು ಸಿಮೆಂಟ್ ಕಂಪನಿಗೆ. ಬೇಡಿಕೆ ಹೆಚ್ಚಾದರೆ ಚೀಟಿ ಎತ್ತಿದಂತೆ ಕೆಲವರಿಗಷ್ಟೇ ಶೇರು ಸಿಗುತ್ತದೆ, ಆದ್ದರಿಂದ ಮನೆಯಲ್ಲಿರುವವರೆಲ್ಲರ ಹೆಸರಿನಲ್ಲೂ ಅರ್ಜಿ ಹಾಕಬೇಕು ಎಂದು ಏಜೆಂಟ್ ಹೇಳಿಕೊಟ್ಟ. ಹೆಬ್ಬೆಟ್ಟೊತ್ತುತ್ತಿದ್ದ ಅವ್ವ ಅದಕ್ಕೋಸ್ಕರ ಸಹಿ ಕಲಿತಳು. ಅವಳ ಒಂದು ಸಹಿಯಂತೆ ಇನ್ನೊಂದು ಬರುತ್ತಿರಲಿಲ್ಲ. ಸಿಮೆಂಟಿನ ಶೇರು ಸಿಕ್ಕಿತು, ಪೇಟೆಗೆ ಬಂದ ಕೂಡಲೇ ಬೆಲೆ ಏರಿತು, ಮಾರಿದ ದುಡ್ಡಿನಲ್ಲಿ ಬಸು ಕಾಕಾನ ಮನೆಗೆ ಟಿವಿ ಬಂತು, ನಮ್ಮನೆಗೆ ಕುಕ್ಕರ್ ಬಂತು. ಅಪ್ಪ ಆ ಕಂಪನಿಯ ಸರ್ಟಿಫಿಕೇಟನ್ನು ಮಾರುವ ಮೊದಲು ಝಾಡಿಸಿ, ನೆಕ್ಕಿ, ಕಾಗದ ಪಾಸು ಎಂದಿದ್ದ. ಇನ್ನೊಂದು ಕಂಪನಿಯ ಕಾಗದ ನಾಲಿಗೆಗೆ ಅಂಟಿತು, ಬೇಡವೆಂದ. ಅದು ನಿಜಕ್ಕೂ ಮುಳುಗಿತು. ಅಲ್ಲಿಗೆ ಅಪ್ಪನ ನಾಲಿಗೆ ಹೇಳಿದ್ದೇ ಕಡೆಯ ಮಾತು ಎಂದಾಯಿತು. ಪಾಳಿ ಮುಗಿಸಿದವರು ನೇರ ನಮ್ಮ ಮನೆಗೆ ಬರತೊಡಗಿದರು. ಅವ್ವ ಚಹಾ ಕಾಯಿಸುತ್ತಿದ್ದಳು, ಗಂಡಸರು ಚಾಪೆಯ ಮೇಲೆ ಕೂತು ಅಪ್ಪನ ಬಾಯನ್ನೇ ನೋಡುತ್ತಿದ್ದರು. ನನ್ನ ಬಾಲ್ಯದಲ್ಲಿ ನಮ್ಮ ಮನೆ ತುಂಬಿದ್ದು ಅದೊಂದೇ ಕಾಲ. ಬಾಗಿಲಲ್ಲಿ ಬಿದ್ದಿರುತ್ತಿದ್ದ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಇಡುವ ಕೆಲಸವನ್ನು ನಾನಾಗಿಯೇ ವಹಿಸಿಕೊಂಡಿದ್ದೆ. ಅಷ್ಟು ಚಪ್ಪಲಿ ನೋಡಿದರೆ ಏನೋ ಸಂತೋಷ.

ಆಮೇಲೆ ಸಿಗಡಿ ಕಂಪನಿ ಬಂತು. ಏಜೆಂಟ್ ಈ ಸಲ ಅರ್ಜಿಯ ಜೊತೆಗೆ ಆ ಕಂಪನಿ ಕೊಡಲಿರುವ ಸರ್ಟಿಫಿಕೇಟಿನ ಮಾದರಿಯನ್ನೂ ತಂದಿದ್ದ. ನಮ್ಮ ಕಾಲನಿಯ ರೋಗ ಅವನಿಗೆ ತಿಳಿದುಹೋಗಿತ್ತು ಎಂದು ಕಾಣುತ್ತದೆ. ಹಸಿರು ಬಳ್ಳಿಯ ಅಂಚಿನ, ದಪ್ಪನೆಯ ಕಾಗದ. ಅಪ್ಪ ಕಿಟಕಿಗೆ ಹಿಡಿದವನು ಹಾಗೇ ನಿಂತುಬಿಟ್ಟ. ಕಾಗದದ ಒಳಗೆ ನಮ್ಮದೇ ಮಿಲ್ಲಿನ ಗುರುತು ನೆರಳಿನಂತೆ ಮೂಡಿತ್ತು. ಯಾವ ಯಂತ್ರದಿಂದ ಬಂದ ಕಾಗದ ಎಂಬುದನ್ನೂ ಅಪ್ಪ ಹೇಳಿದ. ನಾಲಿಗೆಗೆ ಮುಟ್ಟಿಸಿದ. ಅಂಟಲಿಲ್ಲ. ಕೂತವರ ಕಡೆ ತಿರುಗಿ ಅಂದ:

"ಇದು ನಮ್ಮ ಕೈಯಾಗಿಂದ ಹೋದ ಕಾಗದ. ಇಂಥಾ ಕಾಗದಕ್ಕ ರೊಕ್ಕಾ ಸುರದಾಂವ ಓಡಿ ಹೋಗಾವಲ್ಲ."

ಆ ದಿನ ಊಟಕ್ಕೆ ಕೂತಾಗ ಅವ್ವ ರೊಟ್ಟಿ ಹಾಕಿ, ಅಪರೂಪಕ್ಕೆ ಬಾಯಿ ತೆರೆದಳು.

"ಸಿಗಡಿ ಅಂದ್ರ ಏನ್ರಿ?"

"ಮೀನಿನಂಥಾದ್ದು. ಸಮುದ್ರದ ದಂಡ್ಯಾಗ ಹೊಂಡಾ ತೋಡಿ ಸಾಕ್ತಾರ. ಹೊರದೇಶಕ್ಕ ಕಳಸ್ತಾರ."

"ಕೊಳ್ಳಾಗ ಲಿಂಗಾ ಕಟಗೊಂಡು ಮೀನಿನ ರೊಕ್ಕಾ ಮನ್ಯಾಗ ತರಾವ್ರೇನ ನೀವು?"

"ನಾವೇನ ತಿನ್ನಾಕ ಹೊಂಟೇವೇನ? ತಿನ್ನಾವ್ರು ಎಲ್ಲ್ಯೋ ಅದಾರ."

"ತಿನ್ನಾವ್ರದು ಅವರಿಗಿರಲಿ. ಸಾಕಿ ಕೊಲ್ಲೂದು?"

"ಸಾಕಾವ್ರೂ ನಾವಲ್ಲ. ನಾವು ಬರೇ ಪಾಲುದಾರ್ರು."

ಕಂಪನಿಯೆಂಬುದು ಬೇರೆ, ಅದರಲ್ಲಿ ಪಾಲು ಹಾಕಿದವರು ಬೇರೆ, ಅದರ ಪಾಪ ಇವರಿಗೆ ತಟ್ಟುವುದಿಲ್ಲ ಎಂಬ ತತ್ವವನ್ನು ನಾನು ವರ್ಷ ವರ್ಷ ಹುಡುಗರಿಗೆ ಎರಡು ಪಿರಿಯಡ್ ತೆಗೆದುಕೊಂಡು ಹೇಳುತ್ತೇನೆ. ಅಪ್ಪ ಒಂದು ತುತ್ತಿನ ನಡುವೆ ಹೇಳಿ ಮುಗಿಸಿದ್ದ. ಅವ್ವ ಆ ಸಲ ಅರ್ಜಿಯ ಮೇಲೆ ಸಹಿ ಮಾಡಲು ಒಪ್ಪಲೇ ಇಲ್ಲ. ಅಪ್ಪ ತನ್ನ ಹೆಸರಿನಲ್ಲಿ ಹಾಕಿದ, ಸಾಲು ಮನೆಗಳವರೆಲ್ಲ ಹಾಕಿದರು. ಬಸು ಕಾಕಾ ಎಲ್ಲರಿಗಿಂತ ಹೆಚ್ಚು ಹಾಕಿದ. ಕ್ವಾರ್ಟರ್ಸಿನ ಬದುಕು ನೌಕರಿ ಇರುವವರೆಗೆ. ರಿಟೈರಾದ ಮೇಲೆ ಕೀಲಿಕೈ ಒಪ್ಪಿಸಿ ಹೊರಡಬೇಕು. ಹಳಿಯಾಳದಲ್ಲಿ ಒಂದು ಜಾಗ ತೆಗೆದುಕೊಂಡು ಸ್ವಂತದ್ದೊಂದು ಮನೆ ಕಟ್ಟಬೇಕು ಎಂದು ಕಸ್ತೂರಿ ಕಾಕು ಲಗ್ನವಾದಾಗಿನಿಂದ ಕೂಡಿಸುತ್ತ ಬಂದಿದ್ದಳು. ಅಡಿಗೆಮನೆ ಯಾವ ಕಡೆ, ಬಾವಿ ಯಾವ ಕಡೆ ಎಂದು ನಮ್ಮಿಬ್ಬರಿಗೆ ಹಿತ್ತಲಿನ ಮಣ್ಣಿನಲ್ಲಿ ಕಡ್ಡಿಯಿಂದ ಗೀರಿ ತೋರಿಸುತ್ತಿದ್ದಳು. ನನಗೂ ಒಂದು ಖೋಲಿ ಇರುತ್ತದೆ ಎನ್ನುತ್ತಿದ್ದಳು. ಆ ಮನೆಗೆಂದು ಇಟ್ಟದ್ದಷ್ಟೂ ಸಿಗಡಿಗೆ ಹೋಯಿತು.

ಸರ್ಟಿಫಿಕೇಟುಗಳು ಬಂದವು. ಅಪ್ಪ ನಮ್ಮದನ್ನು ದೇವರ ಮಾಡದಲ್ಲಿಟ್ಟ, ವಿಭೂತಿ ಹಚ್ಚಿದ. ಬೆಲೆ ಏರಿತು. ಕೆಲವು ವಾರ ಎಲ್ಲರ ಮುಖದಲ್ಲೂ ಕಳೆ. ಬಸು ಕಾಕಾ ಒಂದು ಸಂಜೆ ಕಂಡಿ ದಾಟಿ ಬಂದು ನಮ್ಮ ಹಿತ್ತಲಿನ ಕಟ್ಟೆಯ ಮೇಲೆ ಕೂತ. ನಾನು ಅಲ್ಲೇ ಮಲ್ಲಿಗೆಗೆ ನೀರು ಹಾಕುತ್ತಿದ್ದೆ, ಆದ್ದರಿಂದ ಆ ಮಾತುಗಳಿಗೆ ಸಾಕ್ಷಿ ನಾನೇ.

"ಅಣ್ಣಾ, ಜಾಗಾ ಒಂದು ನೋಡೇನ್ರಿ. ಮಾರಿಬಿಡ್ಲಿ?"

"ಯಾಕ ಅವಸರಾ?"

"ಸಾಕಲ್ರಿ, ಬಂದಷ್ಟ ಬಂತು. ಕಸ್ತೂರಿನೂ ಮಾರ್ರಿ ಅಂತಾಳ."

"ಇಂಥಾ ಕಾಗದ ಕೈಯಾಗ ಹಿಡದಾಂವ ಬಿಡಬಾರದೋ ಬಸು. ಇನ್ನೊಂದ ವರ್ಷ ತಡಿ. ಒಂದ ಖೋಲಿ ಹೆಚ್ಚ ಕಟ್ಟೀಯಂತ."

ಬಸು ಕಾಕಾ ನಕ್ಕು, ನೀವು ಅಂದ ಮ್ಯಾಲ ಮುಗೀತ್ರಿ ಎಂದು ಎದ್ದು ಹೋದ.

ಮುಂದೆ ಆದದ್ದಕ್ಕೆ ಸದ್ದೇ ಇರಲಿಲ್ಲ. ಮಾರುಕಟ್ಟೆ ಮುಳುಗುವುದೆಂದರೆ ಕೂಗಾಟ, ಕಲ್ಲು ತೂರಾಟ ಎಂದು ಜನ ತಿಳಿಯುತ್ತಾರೆ. ದೊಡ್ಡ ಊರುಗಳಲ್ಲಿ ಆಗಿರಬಹುದು. ನಮ್ಮಲ್ಲಿ ಅದು ಸುಮ್ಮನಾಗುವುದರಿಂದ ಮುಳುಗಿತು. ಬೆಲೆ ಇಳಿಯಿತು; ಅದಾದ ಮೇಲೆ ಪತ್ರಿಕೆಯ ಪಟ್ಟಿಯಲ್ಲಿ ಆ ಕಂಪನಿಯ ಹೆಸರಿನ ಮುಂದೆ ಅಂಕಿಯೇ ಇಲ್ಲವಾಯಿತು. ಇಳಿದ ಬೆಲೆಗಾದರೂ ಮಾರೋಣವೆಂದರೆ ಕೊಳ್ಳುವವರಿರಲಿಲ್ಲ. ಏಜೆಂಟ್ ಬರುವುದು ಬಿಟ್ಟ. ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಅಪ್ಪ ಮತ್ತು ಬಸು ಕಾಕಾ ರಜೆ ಹಾಕಿ ಜೋಯಿಡಾ ದಾರಿ ಹಿಡಿದು, ಘಟ್ಟ ಇಳಿದು, ಸಮುದ್ರದ ದಂಡೆಗೆ ಹೋಗಿ ಕಂಪನಿಯ ಹೊಂಡಗಳನ್ನು ಹುಡುಕಿದರು. ಹೊಂಡಗಳಿದ್ದವಂತೆ. ನೀರೂ ಇತ್ತಂತೆ. ನೀರಿನೊಳಗೆ ಏನೂ ಇರಲಿಲ್ಲ. ಅವರು ಮರಳಿ ಬರುವ ಹೊತ್ತಿಗೆ ನಾನೂ ರೇಖಾಳೂ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆವು. ಅಪ್ಪ ಮುಂದಿನ ಬಾಗಿಲಿನಿಂದ ಇಳಿದ, ಬಸು ಕಾಕಾ ಹಿಂದಿನ ಬಾಗಿಲಿನಿಂದ. ಕಾಕಾ ರೇಖಾಳ ರಟ್ಟೆ ಹಿಡಿದು ಹೊರಟೇಬಿಟ್ಟ. ಅವಳು ಒಮ್ಮೆ ತಿರುಗಿ ನೋಡಿದಳು.

ಮರುದಿನ ನಮ್ಮ ಸ್ಟೀಲಿನ ಬಟ್ಟಲು ವಾಪಸು ಬಂತು. ಹೋದ ವಾರ ಅವ್ವ ಅದರಲ್ಲಿ ಬದನೆಕಾಯಿ ಎಣ್ಣೆಗಾಯಿ ಕಳಿಸಿದ್ದಳು. ಕಸ್ತೂರಿ ಕಾಕು ಅದನ್ನು ಬೂದಿ ಹಾಕಿ ತಿಕ್ಕಿ, ಮುಖ ಕಾಣುವಂತೆ ತೊಳೆದು, ಕಂಡಿಯ ಹತ್ತಿರ ನಮ್ಮ ಬದಿಯ ಕಲ್ಲಿನ ಮೇಲೆ ಇಟ್ಟಿದ್ದಳು. ನಾನು ರೂಢಿಯಂತೆ ಒಳಗೆ ಬೆರಳಾಡಿಸಿದೆ. ಏನೂ ಇರಲಿಲ್ಲ. ಒಳಗೆ ತಂದು ಕೊಟ್ಟಾಗ ಅವ್ವ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದಳು, ಕೆಳಗಿಟ್ಟಳು, ಮತ್ತೆ ಎತ್ತಿ ನೋಡಿದಳು. ಆಮೇಲೆ ಒಲೆಯ ಮುಂದೆ ಕೂತು ಸೆರಗು ಬಾಯಿಗಿಟ್ಟುಕೊಂಡಳು. ಒಂದು ಜಗಳವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಅದೇ ವಾರ ಬಸು ಕಾಕಾ ಒಂದು ತಗಡು ತಂದು ಕಂಡಿಗೆ ಅಡ್ಡಲಾಗಿ ಗೂಟ ಹೊಡೆದ. ಉಳಿದ ಮನೆಗಳವರೂ ಹಾಗೇ. ಯಾರೂ ಬೈಯಲಿಲ್ಲ. ನಳದ ಹತ್ತಿರ ಅವ್ವ ಹೋದರೆ ಮಾತು ನಿಲ್ಲುತ್ತಿತ್ತು, ಅವಳ ಕೊಡ ತುಂಬುವವರೆಗೆ ಎಲ್ಲರೂ ನೀರನ್ನೇ ನೋಡುತ್ತಿದ್ದರು. ಅಪ್ಪನ ದುಡ್ಡೂ ಮುಳುಗಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಅದರಿಂದ ಅವರಿಗೇನು? ಅವರು ಕಂಪನಿಯನ್ನು ನಂಬಿರಲಿಲ್ಲ, ಅಪ್ಪನ ನಾಲಿಗೆಯನ್ನು ನಂಬಿದ್ದರು. ಕಂಪನಿಯ ವಿಳಾಸ ಸಿಗಲಿಲ್ಲ. ಅಪ್ಪನ ವಿಳಾಸ ಸಾಲಿನ ಕಡೆಯ ಮನೆ.

ನಾನು ಒಂಟಿಯಾದೆ. ಇದನ್ನು ಬಣ್ಣ ಹಚ್ಚಿ ಹೇಳಲು ನನಗೆ ಬರುವುದಿಲ್ಲ. ಬಾಗಿಲಲ್ಲಿ ನಮ್ಮ ಮೂವರ ಚಪ್ಪಲಿ ಬಿಟ್ಟು ಬೇರೆ ಇರಲಿಲ್ಲ, ಅವನ್ನು ಜೋಡಿಸಲು ಎಷ್ಟು ಹೊತ್ತು ಬೇಕು? ಶಾಲೆಯಲ್ಲಿ ರೇಖಾ ಬೇರೆ ಬೆಂಚಿಗೆ ಹೋದಳು. ಸಂಜೆ ನಾನು ಹಿತ್ತಲಿನ ಕಟ್ಟೆಯ ಮೇಲೆ ಕೂತು ತಗಡಿನ ಆಚೆಯ ಸಪ್ಪಳಗಳನ್ನು ಕೇಳುತ್ತಿದ್ದೆ. ಕಾಕು ರೊಟ್ಟಿ ಬಡಿಯುವುದು, ಟಿವಿಯ ಹಾಡು, ರೇಖಾ ಪಾಠ ಒಪ್ಪಿಸುವುದು. ಅವಳು ತಪ್ಪಿದರೆ ಇಲ್ಲಿಂದ ನಾನು ಮೆಲ್ಲಗೆ ಸರಿಯಾದದ್ದನ್ನು ಹೇಳುತ್ತಿದ್ದೆ, ಕೇಳಿಸದಷ್ಟು ಮೆಲ್ಲಗೆ. ಪಂಚಮಿಗೆ ಅವ್ವ ಶೇಂಗಾ ಉಂಡಿ, ಎಳ್ಳಿನ ಉಂಡಿ, ಅಳ್ಳಿಟ್ಟು ಎಲ್ಲ ಮಾಡಿದಳು; ಪ್ರತಿವರ್ಷದ ಅಳತೆಯಲ್ಲೇ ಮಾಡಿಬಿಟ್ಟಿದ್ದಳು. ಕಳಿಸಲು ಮನೆಗಳಿರಲಿಲ್ಲ. ಗಣೇಶ ಚೌತಿ ಬಂದರೂ ಆ ಉಂಡಿ ಮುಗಿಯಲಿಲ್ಲ, ಊಟದ ಕಡೆಗೆ ನಾವು ಮೂವರೂ ಒಂದೊಂದನ್ನು ಔಷಧಿಯಂತೆ ತಿನ್ನುತ್ತಿದ್ದೆವು. ಇವತ್ತಿಗೂ ಯಾವುದಾದರೂ ಪುಸ್ತಕದಲ್ಲಿ 'ಕೊಳ್ಳುವವರೇ ಇಲ್ಲದ ಪೇಟೆ' ಎಂದು ಓದಿದರೆ ನನಗೆ ಮೊದಲು ನೆನಪಾಗುವುದು ಆ ಉಂಡಿಯ ಡಬ್ಬಿ.

ಆ ವರ್ಷದ ದಸರೆ ಬಂತು. ದಸರೆಯ ಸಂಜೆ ಬನ್ನಿಗಿಡದ ಪೂಜೆ ಮಾಡಿ, ಎಲೆ ಹರಿದು ತಂದು, ಒಬ್ಬರಿಗೊಬ್ಬರು ಬಂಗಾರವೆಂದು ಕೊಡುವುದು ನಮ್ಮ ಕಡೆಯ ಪದ್ಧತಿ. ವರ್ಷವಿಡೀ ಮಾತು ಬಿಟ್ಟವರೂ ಅಂದು ಬನ್ನಿ ಕೊಟ್ಟು ಮಾತಾಡುತ್ತಾರೆ. ಕಿರಿಯರು ಹಿರಿಯರ ಮನೆಗೆ ಹೋಗಿ, ಎಲೆ ಕೊಟ್ಟು ಕಾಲು ಮುಟ್ಟಬೇಕು. ಹಿರಿಯರು ಅದನ್ನು ತೆಗೆದುಕೊಂಡು ತಮ್ಮದೊಂದು ಎಲೆ ಕೊಡಬೇಕು. ಸಾಲಿನಲ್ಲಿ ಅಪ್ಪನೇ ಹಿರಿಯ, ಮೊದಲೆಲ್ಲ ಸಂಜೆಯಾಗುತ್ತಲೇ ಬಾಗಿಲಲ್ಲಿ ನೂಕುನುಗ್ಗಲು. ಅಂದೂ ಅಪ್ಪ ಬಿಳಿ ಧೋತರ ಉಟ್ಟು, ವಿಭೂತಿ ಹಚ್ಚಿ, ತಾಟಿನಲ್ಲಿ ಬನ್ನಿ ಎಲೆ ಇಟ್ಟುಕೊಂಡು ಬಾಗಿಲಿಗೆದುರಾಗಿ ಕುರ್ಚಿ ಹಾಕಿ ಕೂತ. ಬೀದಿಯಲ್ಲಿ ಜನ ಈ ಮನೆಯಿಂದ ಆ ಮನೆಗೆ ಹೋಗುತ್ತಿದ್ದರು, ನಗುತ್ತಿದ್ದರು, ನಮ್ಮ ಪಕ್ಕದ ಮನೆಯವರೆಗೆ ಬಂದು ಹೊರಳುತ್ತಿದ್ದರು. ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಅವ್ವ ಅಂದಳು:

"ನೀವ ಹೋಗಿ ಬರ್ರೆಲಾ."

"ಹಿರ್ಯಾ ನಾ ಅದೇನಿ. ಅವರ ಬರಬೇಕು."

"ಹಿರೇತನಾ ಎಲ್ಲಿ ಉಳೀತ್ರಿ ಈಗ?"

ಬಾಡಿದ ಎಲೆಗಳನ್ನು ಮರುದಿನ ನಾನು ತುಳಸಿಕಟ್ಟೆಗೆ ಹಾಕಿದೆ. ಅದರ ಮುಂದಿನ ವರ್ಷವೂ ಕುರ್ಚಿ, ಧೋತರ, ತಾಟು, ಯಾರೂ ಬರಲಿಲ್ಲ. ಅಪ್ಪನಿಗೆ ಅಹಂಕಾರ ಎಂದು ಆಗ ಅಂದುಕೊಂಡಿದ್ದೆ. ಅಹಂಕಾರವಲ್ಲ, ಹೆದರಿಕೆ. ಕೂತರೆ ಯಾರೂ ಬರಲಿಲ್ಲ ಎಂದಷ್ಟೇ ಆಗುತ್ತದೆ. ಹೋದರೆ ಬಾಗಿಲು ಹಾಕಿಕೊಂಡರು ಎಂದಾಗಬಹುದು.

ಈ ನಡುವೆ ದಿಲ್ಲಿ, ಮುಂಬೈಗಳಲ್ಲಿ ದೊಡ್ಡವರು ಎಚ್ಚರಾದರು. ದೊಡ್ಡವರು ಎಚ್ಚರಾಗುವುದು ಯಾವಾಗಲೂ ಕೊಟ್ಟಿಗೆ ಬರಿದಾದ ಮೇಲೆ. ನಮ್ಮಂತೆ ಊರೂರುಗಳಲ್ಲಿ ಜನ ಕಾಗದ ಹಿಡಿದು ಕೂತಿದ್ದರು. ಅವರು ಮತ್ತೆ ಯಾವ ಕಂಪನಿಗೂ ಒಂದು ಪೈಸೆ ಕೊಡದಾದರೆ ದೇಶದ ಕಾರ್ಖಾನೆಗಳಿಗೆ ಬಂಡವಾಳ ಎಲ್ಲಿಂದ ಬರಬೇಕು? ಕಾಯಿದೆಗಳು ಬಿಗಿಯಾದವು. ಯಾರು ಜನರ ಹಣ ಕೇಳಬಹುದು, ಏನೇನು ಬಿಚ್ಚಿ ಹೇಳಬೇಕು ಎಂದೆಲ್ಲ ಆಯಿತು. ಅದರ ಜೊತೆಗೆ ಇನ್ನೊಂದೂ ಆಯಿತು: ಶೇರಿಗೆ ಇನ್ನು ಕಾಗದವೇ ಬೇಡ, ಎಲ್ಲ ಕಂಪ್ಯೂಟರಿನೊಳಗೆ ಇರುತ್ತದೆ ಎಂದರು. ನಕಲಿ ಕಾಗದ, ಕಳೆದುಹೋಗುವ ಕಾಗದ, ಅವ್ವನ ಸಹಿಯಂತೆ ತಾಳೆಯಾಗದ ಸಹಿ, ಇವೆಲ್ಲ ತಪ್ಪಿದವು, ಒಳ್ಳೆಯ ತೀರ್ಮಾನವೇ. ಅಪ್ಪ ಅದನ್ನು ಕೇಳಿದ್ದು ರೇಡಿಯೋದ ವಾರ್ತೆಯಲ್ಲಿ, ಕೆಲಸಕ್ಕೆ ಹೊರಡಲು ಅಂಗಿ ತೊಡುತ್ತ. ಗುಂಡಿ ಹಾಕುತ್ತಿದ್ದ ಕೈ ನಿಂತಿತು.

"ಕಾಗದನ ಬ್ಯಾಡಂತ," ಎಂದು ಅವ್ವನಿಗೆ ಹೇಳಿದ.

"ಛಲೋ ಆತು ಬಿಡ್ರಿ," ಎಂದಳು ಅವ್ವ.

"ಕಾಗದ ಏನ ಮಾಡಿತ್ತ? ಕಾಗದ ಖರೇನ ಛಲೋ ಇತ್ತು."

ಈ ಮಾತನ್ನು ಅವನು ಯಾರ ಮುಂದಾದರೂ ಹೇಳಬೇಕೆಂದು ಎರಡು ವರ್ಷದಿಂದ ಕಾಯುತ್ತಿದ್ದ ಎಂದು ನನಗೆ ಅನಿಸಿತು. ಮಿಲ್ಲು ಶೇರಿನ ಕಾಗದವನ್ನೇ ನೆಚ್ಚಿಕೊಂಡದ್ದಲ್ಲ, ಬೇರೆ ಕಾಗದದ ತಯಾರಿ ನಡೆದೇ ಇತ್ತು. ಆದರೆ ಆಮೇಲೆ ಅಪ್ಪ ಮನೆಯಲ್ಲಿ ಕಾಗದ ಝಾಡಿಸುವುದನ್ನೂ ನೆಕ್ಕುವುದನ್ನೂ ಬಿಟ್ಟ. ಲಗ್ನಪತ್ರಿಕೆಗಳು ಅಂಚೆಯಲ್ಲಿ ಬಂದಂತೆಯೇ ಕಪಾಟಿಗೆ ಹೋಗುತ್ತಿದ್ದವು.

ಮೂರನೆಯ ದಸರೆಗೆ ಕುರ್ಚಿ ಹಾಕಲಿಲ್ಲ. ಸಂಜೆ ಅಪ್ಪ ಧೋತರ ಉಟ್ಟು, ತಾಟಿನ ಎಲೆಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು, ನನ್ನನ್ನು ಕರೆದ.

"ಬಾ ನೀಲಾ, ಬನ್ನಿ ಕೊಟ್ಟ ಬರೂಣು."

ಪಕ್ಕದ ಮನೆಗೆ ನಾವು ಬೀದಿಯಿಂದ ಹೋಗಿದ್ದು ಅದೇ ಮೊದಲು. ಮುಂಬಾಗಿಲಿನಿಂದ ಆ ಮನೆ ನನಗೆ ಯಾರದೋ ಮನೆಯಂತೆ ಕಂಡಿತು. ಒಳಗೆ ಜನವಿದ್ದರು. ಅಪ್ಪ ಹೊಸ್ತಿಲ ಆಚೆಯೇ ನಿಂತು ಬಸು ಎಂದು ಕರೆದ. ಮಾತು ನಿಂತಿತು. ಬಸು ಕಾಕಾ ಎದ್ದು ಬಂದು ಬಾಗಿಲಲ್ಲಿ ನಿಂತ, ಒಳಗೆ ಬರ್ರಿ ಎನ್ನಲಿಲ್ಲ. ಅವನ ಬೆನ್ನ ಹಿಂದೆ ಕಸ್ತೂರಿ ಕಾಕು, ಅವಳ ಪಕ್ಕ ರೇಖಾ ಕಂಡರು. ಹಿರಿಯನಾದ ಅಪ್ಪ ಟವೆಲ್ ಬಿಚ್ಚಿ, ಒಂದು ಎಳೆ ಬನ್ನಿಯನ್ನು ತಾನೇ ಮೊದಲು ಮುಂದೆ ಚಾಚಿದ.

"ತಗೋ ತಮ್ಮಾ. ಬನ್ನಿ ತಗೊಂಡು ಬಂಗಾರಧಂಗ ಇರೂಣು."

ಕಾಕಾ ಕೈ ಚಾಚಲಿಲ್ಲ. ಎಲೆಯನ್ನೇ ನೋಡಿದ. ಆಮೇಲೆ ಅವನ ಬಾಯಿಂದ ಬಂದ ಮಾತು ಎಷ್ಟು ಕಾಲದಿಂದ ಒಳಗಿತ್ತೋ.

"ನೆಕ್ಕಿ ನೋಡ್ರಿ ಅಣ್ಣಾ. ಖರೇ ಬಂಗಾರ ಹೌದೋ ಅಲ್ಲೋ, ಹೇಳ್ರಿ ಮೊದಲ."

ಒಳಗೆ ಯಾರೋ ಸಣ್ಣಗೆ ನಕ್ಕರು. ನನಗೆ ಅಪ್ಪನ ಕೈ ಹಿಡಿದು ಎಳೆದುಕೊಂಡು ಓಡಬೇಕೆನಿಸಿತು. ಅಪ್ಪ ಆ ಎಲೆಯನ್ನು ಬಾಯಿಗೆ ಒಯ್ದ. ಮನೆಯಲ್ಲಿ ಎಷ್ಟೋ ತಿಂಗಳಿಂದ ಯಾವುದನ್ನೂ ಮುಟ್ಟಿಸಿರದ ನಾಲಿಗೆಯ ತುದಿಗೆ ಮುಟ್ಟಿಸಿದ. ಮಿಲ್ಲಿನಲ್ಲಿ ನಿಂತು ಹಾಳೆಯನ್ನು ನೋಡುವಾಗ ಹೇಗೆ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದನೋ ಹಾಗೆಯೇ ಮುಚ್ಚಿದ.

"ಎಲಿ ಐತಿ ಬಸು," ಎಂದ. "ಬರೇ ಎಲಿ. ಬಂಗಾರ ಅಲ್ಲ."

ಮತ್ತೆ ಅದನ್ನೇ ಚಾಚಿದ. ಒಳಗೆ ಈಗ ಯಾರೂ ನಗಲಿಲ್ಲ. ಕಾಕಾ ಆ ಒದ್ದೆ ಎಲೆಯನ್ನು ತೆಗೆದುಕೊಂಡ. ಕಾಲು ಮುಟ್ಟಲಿಲ್ಲ, ತನ್ನದೊಂದು ಎಲೆ ತಿರುಗಿ ಕೊಡಲಿಲ್ಲ, ಬಂಗಾರಧಂಗ ಇರೂಣು ಎನ್ನಲೂ ಇಲ್ಲ. ತೆಗೆದುಕೊಂಡು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಅಪ್ಪ ತಲೆಯಾಡಿಸಿ ಹೊರಳಿದ. ಉಳಿದ ಮನೆಗಳಿಗೆ ಹೋಗುವ ತ್ರಾಣ ಅವನಲ್ಲಿ ಇರಲಿಲ್ಲ, ನಾವು ನೇರ ಮನೆಗೆ ಬಂದೆವು.

ಅವ್ವ ನಮ್ಮ ಮುಖ ನೋಡಿ, ಅದೇ ಸ್ಟೀಲಿನ ಬಟ್ಟಲಿನಲ್ಲಿ ನಾಲ್ಕು ಹೋಳಿಗೆ ಹಾಕಿ, ಮೇಲೆ ತುಪ್ಪ ಬಿಟ್ಟು, ಹಿತ್ತಲಿಗೆ ಹೋಗಿ ತಗಡಿನ ಮೇಲಿನಿಂದ ಕೈ ಚಾಚಿ ಆಚೆಯ ಕಲ್ಲಿನ ಮೇಲೆ ಇಟ್ಟು ಬಂದಳು. ಯಾರನ್ನೂ ಕೂಗಲಿಲ್ಲ. ನಾವು ಊಟಕ್ಕೆ ಕೂತೆವು. ತಗಡಿನ ಆಚೆ ಒಮ್ಮೆ ಬಾಗಿಲ ಚಿಲಕದ ಸಪ್ಪಳವಾಯಿತು. ಅಪ್ಪನ ತುತ್ತು ಕೈಯಲ್ಲೇ ಉಳಿಯಿತು. ನಾನು ತಡೆಯಲಾರದೆ ಎಂಜಲ ಕೈಯಲ್ಲೇ ಹಿತ್ತಲಿಗೆ ಓಡಿದೆ. ಬಟ್ಟಲು ನಮ್ಮ ಬದಿಯ ಕಲ್ಲಿನ ಮೇಲಿತ್ತು, ತೊಳೆದದ್ದು. ಇಟ್ಟವರು ಅಲ್ಲಿರಲಿಲ್ಲ, ಆಚೆಯ ಬಾಗಿಲು ಮುಚ್ಚಿತ್ತು. ಆ ತಗಡು ನಾವು ಕ್ವಾರ್ಟರ್ಸ್ ಬಿಡುವವರೆಗೂ ಹಾಗೇ ಇತ್ತು, ಕಾಕು ಮತ್ತೆ ನಮ್ಮ ಮನೆಯಲ್ಲಿ ಕೂತು ಚಹಾ ಕುಡಿಯಲಿಲ್ಲ, ಹಳಿಯಾಳದಲ್ಲಿ ಅವರ ಮನೆ ಏಳಲೂ ಇಲ್ಲ. ಆದರೆ ಆ ಸಂಜೆ ನಾನು ಬಟ್ಟಲೊಳಗೆ ಬೆರಳಾಡಿಸಲಿಲ್ಲ. ಕತ್ತಲಿನಲ್ಲಿ ಏನೂ ಕಾಣುತ್ತಿರಲಿಲ್ಲ, ಕಾಣುವುದೂ ನನಗೆ ಬೇಡವಾಗಿತ್ತು. ಎರಡೂ ಕೈಯಲ್ಲಿ ಹಿಡಿದು ತಂದು ಅಪ್ಪನ ಮುಂದಿಟ್ಟೆ.

ಅಪ್ಪ ಬೆರಳಿನ ತುದಿಯನ್ನು ಬಟ್ಟಲಿನ ತಳಕ್ಕೆ ಒತ್ತಿ, ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿದ. ಅವ್ವ ಸೌಟು ಹಿಡಿದು ನಿಂತಿದ್ದಳು. ಅವನು ಕಣ್ಣು ತೆರೆಯಲು ತುಂಬ ಹೊತ್ತು ಹಿಡಿಯಿತು, ತೆರೆದಾಗ ಅವು ತುಂಬಿದ್ದವು.

"ಸಕ್ರಿ ಐತಿ," ಎಂದ.